ವಾಸಿಯಾಗದವರ ಆರೈಕೆಗೆ ಓದು ಬೇಕೇ?

(ತುಮಕೂರು ಕಡೆಯ ಓದುಗರೊಬ್ಬರು ಬಿಎಸ್‌ಸಿ ನರ್ಸಿಂಗ್ ಮುಗಿಸಿದ್ದಾರೆ. ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯಲ್ಲಿ ಮುಂದೆ ಓದುವ ಆಸೆ. ‘ಸಾಯುವವರ ಸೇವೆಗೆ ಓದು ಬೇರೆ ಕೇಡು, ಐಸಿಯು ಕೆಲಸ ಕಲಿತು ವಿದೇಶಕ್ಕೆ ಹೋಗು’ ಎನ್ನುತ್ತಾರಂತೆ ತಂದೆ. ‘ಇಂಥವರನ್ನು ಪ್ರೀತಿಯಿಂದ ನೋಡಿಕೊಂಡರೆ ಸಾಲದೇ?’ ಎಂದು ಕೇಳಿದ್ದಾರೆ.)

ನಿಮ್ಮ ತಂದೆಯವರ ಚಿಂತೆ ಅರ್ಥವಾಗುತ್ತದೆ. ಓದಿನ ಸಾಲ ತೀರಬೇಕು, ಮನೆ ನಡೆಯಬೇಕು. ಆದರೆ ಪ್ರೀತಿಯಿದ್ದರೆ ಸಾಕೆಂದು ನರ್ಸಿಂಗ್ ಓದಿದ ನೀವೇ ಬರೆದದ್ದು ನನಗೆ ಸರಿಕಾಣಲಿಲ್ಲ, ತಾಯಿ.

ನಮ್ಮ ಸೋದರತ್ತೆಗೆ ಬಾಯಿ ಕ್ಯಾನ್ಸರ್ ಆಗಿತ್ತು. ಕೆನ್ನೆಯ ಹುಣ್ಣು ಒಡೆದು ನಾರತೊಡಗಿದಾಗ ನಾವು ಊದುಬತ್ತಿ ಹಚ್ಚಿದೆವು, ಫಿನಾಯಿಲ್ ಹಾಕಿ ನೆಲ ಒರೆಸಿದೆವು. ಮೊಮ್ಮಕ್ಕಳು ಬಾಗಿಲಲ್ಲೇ ನಿಲ್ಲುತ್ತಿದ್ದರು. ಅತ್ತೆ ಸೆರಗು ಮುಚ್ಚಿಕೊಂಡು ಗೋಡೆ ಕಡೆ ಹೊರಳುತ್ತಿದ್ದರು. ಆಮೇಲೆ ಈ ವಿದ್ಯೆ ಕಲಿತ ನರ್ಸ್ ಒಬ್ಬರು ಮನೆಗೆ ಬಂದರು. ಹುಣ್ಣು ತೊಳೆದರು, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಉದುರಿಸಿದರು, ಮೇಲೆ ಗಾಯಕ್ಕೆ ಹಾಕುವ ತೆಳು ಬಟ್ಟೆ ಇಟ್ಟರು. ಕೆಲವೇ ದಿನಗಳಲ್ಲಿ ವಾಸನೆ ತಗ್ಗಿ ಮಕ್ಕಳು ಹಾಸಿಗೆ ಹತ್ತಿದರು. ಭೇದಿಗೆ ಕೊಡುವ ಅಗ್ಗದ ಮಾತ್ರೆ ಅದು! ಅಫೀಮಿನಿಂದ ತಯಾರಾಗುವ ನೋವುನಿವಾರಕ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ನೋವು ಮರುಕಳಿಸುವ ಮುನ್ನವೇ ಕೊಡಬೇಕು, ಜೊತೆಗೆ ಮಲಬದ್ಧತೆಯ ಔಷಧ ಬಿಡಬಾರದು ಎಂದೂ ಹೇಳಿಕೊಟ್ಟರು. ಅತ್ತೆಯ ಮೇಲೆ ನಮಗೆ ಪ್ರೀತಿ ಕಡಿಮೆಯಿತ್ತೇ? ಇದೊಂದೂ ಗೊತ್ತಿರಲಿಲ್ಲ, ಅಷ್ಟೇ.

ಈ ಆರೈಕೆಗೆ ದಾರಿ ತೋರಿದ ಲಂಡನ್ನಿನ ಸಿಸಿಲಿ ಸಾಂಡರ್ಸ್ ಮೊದಲು ನಿಮ್ಮ ಹಾಗೆಯೇ ನರ್ಸ್. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಅದೂ ಸಾಲದೆಂದು ಮತ್ತೆ ಓದಿ 1957ರಲ್ಲಿ ವೈದ್ಯೆಯಾದರು. ವಾಸಿಯಾಗದವರ ಆರೈಕೆಯ ಮನೆಯಾದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದದ್ದು ಆಮೇಲೆ, 1967ರಲ್ಲಿ.

ಇನ್ನು, ಇದು ಸಾಯುವವರ ಸೇವೆ ಮಾತ್ರ ಎಂಬ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು, ಶ್ವಾಸಕೋಶದ ಕ್ಯಾನ್ಸರ್ ಬೇರೆಡೆಗೂ ಹರಡಿದ್ದ 151 ಜನರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಶುರುವಿನಿಂದಲೇ ಉಪಶಮನ ಆರೈಕೆ ಕೊಟ್ಟರು. ಅವರಲ್ಲಿ ಖಿನ್ನತೆ ಕಡಿಮೆ, ದಿನಗಳು ಹೆಚ್ಚು ನೆಮ್ಮದಿ. ಬದುಕಿದ ಅವಧಿಯ ಮಧ್ಯಾಂಕ (ಅರ್ಧ ಜನ ಇದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದರ್ಥ) ಇವರದು 11.6 ತಿಂಗಳು, ಉಳಿದವರದು 8.9. ತಂದೆಯವರಿಗೆ ಇದನ್ನು ಓದಿ ಹೇಳಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲೇ ವೈದ್ಯರೂ ಊರವರೂ ಕೂಡಿ ಈ ಕೆಲಸ ಹಿಡಿದರು. ನಮ್ಮ ಬೆಂಗಳೂರಿನ ಕರುಣಾಶ್ರಯ ಹಾಸ್ಪಿಸ್ ರೋಗಿಗಳಿಂದ ಕಾಸು ಪಡೆಯದೆ ನಡೆಯುತ್ತಿದೆ. ಹೀಗಿದ್ದೂ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಎನ್ನುವುದು ನಿಂತಿಲ್ಲ. ಮಾಡುವುದು ಬೇಕಾದಷ್ಟಿದೆ, ಬಲ್ಲವರು ಕಡಿಮೆ. 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ಮಾರ್ಫಿನ್ ಆಸ್ಪತ್ರೆಗಳಿಂದಲೇ ಮರೆಯಾಗುತ್ತ ಬಂತು. 2014ರಲ್ಲಿ ತಿದ್ದುಪಡಿಯಾಗಿ ನಿಯಮ ಸಡಿಲವಾದರೂ ವೈದ್ಯರ ಭಯ ಸಡಿಲವಾಗಿಲ್ಲ. ಹೊಸ ಸ್ಕ್ಯಾನಿಂಗ್ ಯಂತ್ರಕ್ಕೆ ರಿಬ್ಬನ್ ಕತ್ತರಿಸಲು ಮಂತ್ರಿಗಳು ಓಡಿ ಬರುತ್ತಾರೆ. ನೋವಿನ ಮಾತ್ರೆ ಕಪಾಟಿನಲ್ಲಿದೆಯೇ ಎಂದು ಕೇಳುವವರಿಲ್ಲ.

ನೀವು ಅರ್ಜಿ ಹಾಕಿ. ಭಾರತೀಯ ಉಪಶಮನ ಆರೈಕೆ ಸಂಘದ ಸರ್ಟಿಫಿಕೇಟ್ ಕೋರ್ಸಿನಿಂದ ಶುರುಮಾಡಿದರೂ ಆದೀತು. ಉಳಿದ ಓದುಗರು ತಮ್ಮ ಜಿಲ್ಲಾಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಸಿಗುತ್ತದೆಯೇ ಎಂದು ವಿಚಾರಿಸಿ ನಮಗೆ ಬರೆಯಲಿ. ಬಂದ ಉತ್ತರಗಳನ್ನು ಜಿಲ್ಲಾವಾರು ಪ್ರಕಟಿಸುತ್ತೇವೆ.

— ಸಂ.