ಕಾರು ಒಂದೇ ಕಡೆಗೆ ಎಳೆಯುವುದು ಯಾಕೆ?

ಸ್ಟೇರಿಂಗ್ ನೇರವಾಗಿ ಹಿಡಿದರೂ ಕಾರು ಎಡಕ್ಕೇ ಎಳೆಯುತ್ತದೆ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಬೇಕಾ ಎಂದು ಕೇಳಿದ್ದೀರಿ. ಮೊದಲು ಟೈರಿನ ಗಾಳಿ ನೋಡಿ. ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ. ಗಾಳಿ ಕಮ್ಮಿಯಾದ ಟೈರು ಚಪ್ಪಟೆಯಾಗಿ, ಉರುಳಲು ಜಾಸ್ತಿ ತಡೆ ಒಡ್ಡುತ್ತದೆ. ಆ ಬದಿ ಹಿಂದೆ ಬೀಳುತ್ತದೆ, ಕಾರು ಅತ್ತ ತಿರುಗುತ್ತದೆ. ಒಂದು ಕಾಲಿಗೆ ಮಾತ್ರ ಕೆಸರು ಮೆತ್ತಿಕೊಂಡಾಗ ನಡೆದ ಹಾಗೆ.

ಗಾಳಿ ಸರಿಯಿದ್ದರೆ, ಮುಂದಿನ ಎರಡು ಟೈರು ಅದಲು ಬದಲು ಮಾಡಿಸಿ (ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತಿರುವ ಟೈರಾದರೆ ಬೇಡ). ಈಗ ಬಲಕ್ಕೆ ಎಳೆದರೆ ಟೈರೇ ಕೆಟ್ಟಿದೆ. ಇನ್ನೂ ಎಡಕ್ಕೇ ಎಳೆದರೆ ಅಲೈನ್‌ಮೆಂಟ್ ಮಾಡಿಸಿ. ಬೆಂಗಳೂರಿನ ಗುಂಡಿಗಳಲ್ಲಿ ಒಮ್ಮೆ ಧಡ್ ಅಂತ ಇಳಿದರೂ ಅದು ತಪ್ಪಬಹುದು, ಅಲ್ವಾ?

ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ತಪ್ಪು ಬ್ರೇಕಿನದು. ಓಡಿಸಿ ನಿಲ್ಲಿಸಿದ ಮೇಲೆ ಒಂದೇ ಚಕ್ರ ವಿಪರೀತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಮುಟ್ಟಬೇಡಿ, ಕೈ ಹತ್ತಿರ ಹಿಡಿದರೆ ಸಾಕು. ಇದನ್ನು ಮಾತ್ರ ಮುಂದೂಡಬೇಡಿ.

ಅಂದ ಹಾಗೆ, ಮಳೆನೀರು ಹರಿಯಲೆಂದು ರಸ್ತೆಯೇ ಅಂಚಿಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಎಡಕ್ಕೆ ತುಸು ವಾಲಿದರೆ ಸುಮ್ನೆ ಗಾಬರಿ ಬೇಡ.