ದಂತವೈದ್ಯರ ‘ಕೈಗುಣ’ವೆಂದರೆ ಏನು?

ಪ್ರಶ್ನೆ: ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಬೇಕಾಗಿದೆ. ಒಬ್ಬ ವೈದ್ಯರ ಕೈಗುಣ ಚೆನ್ನಾಗಿದೆ ಎಂದು ಸೋದರತ್ತೆ ಹೇಳುತ್ತಾರೆ; ಇನ್ನೊಬ್ಬರದು ಕಡಿಮೆ ದುಡ್ಡು. ಯಾರ ಬಳಿ ಹೋಗಲಿ? (ಹರಿಹರ)

ಉತ್ತರ: ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆ ಪಕ್ಕದಲ್ಲೇ ಇದ್ದರೂ ಗೆಲ್ಲುವುದು ಸೋದರತ್ತೆಯ ಮಾತೇ. ಅದು ಸಹಜ. ಹಲ್ಲಿನ ಬೇರಿನೊಳಗನ್ನು ಶುಚಿಮಾಡಿ ತುಂಬುವ ಈ ಚಿಕಿತ್ಸೆಯಲ್ಲಿ ವೈದ್ಯರು ಏನು ಮಾಡಿದರೆಂಬುದು ರೋಗಿಗೆ ಕಾಣುವುದಿಲ್ಲವಾದ್ದರಿಂದ, ಸೂಜಿ ಎಷ್ಟು ನೋಯಿತು, ಎಷ್ಟು ಹೊತ್ತು ಕಾಯಿಸಿದರು, ಎಷ್ಟು ದುಡ್ಡು ಕೇಳಿದರು ಎಂಬುದರ ಮೇಲೆಯೇ ರೋಗಿಗಳು ವೈದ್ಯರನ್ನು ಅಳೆಯುತ್ತಾರೆ. ಆದರೆ ನೀವು ಕೈಗುಣವೆನ್ನುವುದರಲ್ಲಿ ಬಹುಪಾಲು ತಾಳ್ಮೆ: ಜೋಮು ಹಿಡಿಸುವ ಮದ್ದನ್ನು ನಿಧಾನವಾಗಿ ಚುಚ್ಚಿ, ತುಟಿ ದಪ್ಪವಾದಂತೆ ಅನ್ನಿಸುವವರೆಗೆ ಕಾಯುವುದು. ಉಳಿದದ್ದು ನಿಮಗೆ ಸೇರಿದ್ದು. ಲವಂಗ ಕಚ್ಚಿಕೊಂಡು ವಾರಗಟ್ಟಲೆ ತಳ್ಳಿ, ಕೆನ್ನೆ ಊದಿ ಕೀವು ತುಂಬಿದ ಮೇಲೆ ಬಂದರೆ, ಸೋಂಕಿನಿಂದ ಆಮ್ಲೀಯವಾದ ಆ ಜಾಗದಲ್ಲಿ ಮದ್ದು ಸರಿಯಾಗಿ ಹಿಡಿಯುವುದಿಲ್ಲ; ನೋವಾದಾಗ ದೂರು ಮಾತ್ರ ವೈದ್ಯರ ಕೈಯ ಮೇಲೆ.

ಕಾಣುವಂಥದ್ದನ್ನು ನೋಡಿ ಆರಿಸಿ. ಚಿಕಿತ್ಸೆಗೆ ಮೊದಲೂ ಬೇರು ತುಂಬಿದ ಮೇಲೂ ಎಕ್ಸ್‌ರೇ ತೆಗೆದು ತೋರಿಸುತ್ತಾರೆಯೇ? ತುಂಬಿದ ಪದಾರ್ಥವು ಬೇರಿನ ತುದಿಯ ಹತ್ತಿರದವರೆಗೆ ಬಿಳಿ ಗೆರೆಯಾಗಿ ಇಳಿದಿರಬೇಕು. ಅರ್ಧಕ್ಕೇ ನಿಂತಿದ್ದರೆ ಏಕೆಂದು ಕೇಳಿ. ಉಪಕರಣಗಳ ಪೊಟ್ಟಣವನ್ನು ನಿಮ್ಮೆದುರೇ ಒಡೆಯುತ್ತಾರೆಯೇ? ಉಪಕರಣಗಳ ಕ್ರಿಮಿ ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನ 121 ಡಿಗ್ರಿ ಹಬೆಯನ್ನು ಕಂಡ ಪೊಟ್ಟಣದ ಮೇಲಿನ ಗುರುತು ಬಣ್ಣ ಬದಲಿಸಿರುತ್ತದೆ. ಬಿಸಿನೀರಿನಲ್ಲಿ ಅದ್ದಿ ತೆಗೆದ ಇಕ್ಕಳದಿಂದ ಯಕೃತ್ತಿನ ರೋಗವಾದ ಹೆಪಟೈಟಿಸ್ ಬಿ ಅಂಟಬಹುದೆಂಬುದು ನೆನಪಿರಲಿ. ಇನ್ನು ದುಡ್ಡಿನ ಮಾತು: ಕೊನೆಗೆ ಆ ಹಲ್ಲಿನ ಮೇಲೆ ತೊಡಿಸುವ ಕ್ಯಾಪ್ ಸೇರಿಸಿ ಒಟ್ಟು ಎಷ್ಟೆಂದು ಮೊದಲೇ ಬರೆಸಿಕೊಳ್ಳಿ, ಏಕೆಂದರೆ ‘ಕಡಿಮೆ’ ಎಂಬುದು ಅನೇಕ ಸಲ ಕ್ಯಾಪ್ ಬಿಟ್ಟು ಹೇಳಿದ ಲೆಕ್ಕವಾಗಿರುತ್ತದೆ.

ಪ್ರಶ್ನೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆಯೇ?

ಉತ್ತರ: ಇಲ್ಲ. ಈ ಪ್ರಶ್ನೆಯನ್ನು ದಯವಿಟ್ಟು ಇನ್ನು ಕಳಿಸಬೇಡಿ.

ಪ್ರಶ್ನೆ: ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆಯಂತೆ?

ಉತ್ತರ: ಸಡಿಲ ಮಾಡಿದ್ದು ಗಟ್ಟಿಯಾದ ಪಾಚಿ, ಅದನ್ನು ತೆಗೆದಾಗ ನಿಮಗೆ ಗೊತ್ತಾಯಿತು, ಅಷ್ಟೆ.

ಪ್ರಶ್ನೆ: ಸಂತೆಯಲ್ಲಿ ಒಬ್ಬರು ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುತ್ತಾರೆ. ಕಟ್ಟಿಸಬಹುದೇ?

ಉತ್ತರ: ಕಾನೂನಿನ ಪ್ರಕಾರ ನೋಂದಣಿಯಿಲ್ಲದೆ ಹಲ್ಲಿನ ಚಿಕಿತ್ಸೆ ಮಾಡುವುದು ಅಪರಾಧ. ಪಕ್ಕದ ಹಲ್ಲುಗಳಿಗೆ ತಂತಿ ಬಿಗಿದು ಅಂಟಿಸಿದ ಆ ಹಲ್ಲನ್ನು ತೆಗೆದು ತೊಳೆಯಲಾಗುವುದಿಲ್ಲ. ಹೋದ ವಾರ ಅಂಥದ್ದೊಂದನ್ನು ಬಿಡಿಸಿದಾಗ ತಂತಿಯ ಜೊತೆಗೆ ಅಡಿಕೆಯ ಚೂರುಗಳೂ, ಆ ಅಜ್ಜನ ಸ್ವಂತದ ಎರಡು ಹಲ್ಲುಗಳೂ ಬಂದವು.