ಎರಡು ಸಲ ಅಳೆದ ಸ್ಕೋರ್‌ಗೆ ಯಾವ ಮಾಡೆಲ್ ಹಾಕಬೇಕು?

ಖಿನ್ನತೆ ಜಾಸ್ತಿ ಇರುವ ವಿದ್ಯಾರ್ಥಿಗಳನ್ನು ಆರಿಸಿ, ತರಬೇತಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಅಳೆದಿದ್ದೀರಿ. ಎರಡು ಸರಾಸರಿ ಹೋಲಿಸುವ ಟಿ-ಟೆಸ್ಟ್ ಸಾಕಾ, ಒಬ್ಬೊಬ್ಬರ ಸ್ಕೋರ್ ಕಾಲ ಕಳೆದಂತೆ ಹೇಗೆ ಬದಲಾಯಿತು ಅಂತ ನೋಡುವ ಗ್ರೋತ್ ಕರ್ವ್ ಮಾಡೆಲ್ ಬೇಕಾ ಅಂತ ನಿಮ್ಮ ಪ್ರಶ್ನೆ. ಓದಿ ಹೊಟ್ಟೆ ಚುರುಕ್ ಅಂತು.

ನನ್ನ ಎಂಎಸ್ಸಿ ಪ್ರಾಜೆಕ್ಟೂ ಇದೇ. ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಹಂಚಿದೆ. ಒಂಬತ್ತು ಪ್ರಶ್ನೆ, 0ಯಿಂದ 27ರವರೆಗೆ ಅಂಕ. 10 ಮತ್ತು ಅದಕ್ಕಿಂತ ಜಾಸ್ತಿ ಬಂದವರಿಗೆ ಮಾತ್ರ ಎಂಟು ವಾರ ಪ್ರಾಣಾಯಾಮ. ಸ್ಕೋರ್ ಚೆನ್ನಾಗಿ ಇಳಿಯಿತು. ಪಿ ವ್ಯಾಲ್ಯೂ (ನಿಜ ಬದಲಾವಣೆ ಇಲ್ಲದಿದ್ದರೂ ಇಷ್ಟು ಇಳಿಕೆ ಕಾಣುವ ಸಾಧ್ಯತೆ) ಚಿಕ್ಕದಿರುವುದು ನೋಡಿ ರೂಮ್‌ಮೇಟ್‌ಗಳಿಗೆ ಮಸಾಲೆ ದೋಸೆ ಕೊಡಿಸಿದ್ದೆ. ವೈವಾದಲ್ಲಿ ಒಂದೇ ಪ್ರಶ್ನೆ ಬಂತು: "ಪ್ರಾಣಾಯಾಮ ಮಾಡದವರದ್ದು ಎಷ್ಟು ಇಳಿಯಿತು?" ಅಂಥವರು ನನ್ನ ಬಳಿ ಇರಲೇ ಇಲ್ಲ.

ತಪ್ಪು ಎಲ್ಲಿತ್ತು ಗೊತ್ತಾ? ಆ ಪ್ರಶ್ನಾವಳಿ ಕೇಳುವುದು ಕಳೆದ ಎರಡು ವಾರದ ಬಗ್ಗೆ. ನಾನು ಹಂಚಿದ್ದು ಇಂಟರ್ನಲ್ಸ್ ಮುಗಿದ ದಿನ! ಒಬ್ಬ ಹುಡುಗಿಗೆ 14 ಬಂತು. ನಿದ್ದೆ, ಸುಸ್ತು, ಗಮನ, ಮೂರಕ್ಕೂ 3 ಹಾಕಿದ್ದಳು. ಬೆರಳಿಗೆ ಇನ್ನೂ ಪೆನ್ನಿನ ಇಂಕು ಅಂಟಿತ್ತು. ಅವಳು ಊರಿಗೆ ಹೋಗಿ ಸುಮ್ನೆ ಮಲಗಿದ್ದರೂ ಸ್ಕೋರ್ ಇಳಿಯುತ್ತಿತ್ತು, ಅಲ್ವಾ? ಅವತ್ತು ಅದೃಷ್ಟಕ್ಕೆ 8 ಬಂದು ಆಮೇಲೆ ಏರಬಹುದಾಗಿದ್ದವರನ್ನು ನಾನೇ ಮನೆಗೆ ಕಳಿಸಿದ್ದೆ. ಅಂದರೆ ಇಳಿಯುವವರನ್ನೇ ಹೆಕ್ಕಿ, ಇಳಿಯಿತು ಅಂತ ಕುಣಿದೆ. ಇದಕ್ಕೆ ರಿಗ್ರೆಷನ್ ಟು ದ ಮೀನ್ ಅಂತಾರೆ: ಒಂದು ಸಲ ತುಂಬಾ ಜಾಸ್ತಿ ಬಂದದ್ದು ಮುಂದಿನ ಸಲ ತಾನಾಗೇ ಸರಾಸರಿಯ ಕಡೆ ವಾಲುವುದು. ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ 1886ರಲ್ಲೇ ಎತ್ತರದ ಲೆಕ್ಕದಲ್ಲಿ ತೋರಿಸಿದ್ದು: ತುಂಬಾ ಎತ್ತರದ ಅಪ್ಪ ಅಮ್ಮನ ಮಕ್ಕಳು ಸರಾಸರಿಯಲ್ಲಿ ಅವರಿಗಿಂತ ಗಿಡ್ಡ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ, ನನ್ನದೇ ಡೇಟಾದಲ್ಲಿ ಕಾಣಲಿಲ್ಲ.

ಹಾಗಾಗಿ ಟಿ-ಟೆಸ್ಟಾ ಗ್ರೋತ್ ಕರ್ವಾ ಅನ್ನೋ ಪ್ರಶ್ನೆಯನ್ನೇ ಬಿಡಿ. ಎರಡು ಚುಕ್ಕೆಗೆ ರಂಗೋಲಿ ಬರಲ್ಲ, ಗೆರೆ ಬರುತ್ತೆ ಅಷ್ಟೇ. ಬದಲಾವಣೆ ಮೊದಲು ಜೋರಾಗಿ ಆಗಿ ನಿಂತಿತಾ, ನಿಧಾನಕ್ಕೆ ಆಯಿತಾ, ಯಾವ ಮಾಡೆಲ್ಲೂ ಹೇಳಲ್ಲ.

ಇನ್ನೂ ಶುರು ಮಾಡದಿರುವ ಬ್ಯಾಚ್ ಇದ್ದರೆ ನಾಲ್ಕೈದು ಸಲ ಅಳೆಯಿರಿ, ತರಬೇತಿಗೆ ಮೊದಲೇ ಎರಡು ಸಲ. ಕಾಯುವ ಗುಂಪು ಒಂದು, ಅಂದರೆ ಸದ್ಯಕ್ಕೆ ತರಬೇತಿ ಇಲ್ಲದೆ ಅಳತೆ ಮಾತ್ರ ಕೊಡುವವರು, ಇರಲೇಬೇಕು. 'ಮೊದಲ ಸಲ, ಎರಡನೇ ಸಲ' ಅಂತ ಬರೆಯದೆ ತಾರೀಖು ಹಾಕಿ, ಎಂಟನೇ ವಾರ ಬರಬೇಕಾದ ಯಾರೋ ಹನ್ನೊಂದನೇ ವಾರ ಬರುತ್ತಾರೆ. ಆಗ ಗ್ರೋತ್ ಕರ್ವ್ ಹಾಕಲು ಆರ್ ಅನ್ನೋ ಅಂಕಿಅಂಶ ಸಾಫ್ಟ್‌ವೇರ್‌ನ ಎಲ್‌ಎಂಇ4 (lme4) ಪ್ಯಾಕೇಜ್ ಸಾಕು, ಪುಕ್ಕಟೆ. ಒಂದು ಸಲ ತಪ್ಪಿಸಿಕೊಂಡವರನ್ನೂ ಪೂರ್ತಿ ಬಿಸಾಡಲ್ಲ.

ಡೇಟಾ ಆಗಲೇ ಮುಗಿದಿದ್ದರೆ ಶೀರ್ಷಿಕೆಯಲ್ಲಿ 'ತರಬೇತಿಯಿಂದ' ತೆಗೆದು 'ತರಬೇತಿಯ ನಂತರ' ಅಂತ ಹಾಕಿ. ಆ 'ಇಂದ' ಬಿಡಲು ಒಪ್ಪದೆ ನಾನು ಆರು ತಿಂಗಳು ಕಳೆದುಕೊಂಡೆ.